ಹುಳು ತಡೆಯಲು ಹುಳು ಸಾಕಬೇಕು: ಜೈವಿಕ ನಿಯಂತ್ರಣದ ಕಾಣದ ಕೊಂಡಿ

ಬೆಂಗಳೂರು: ಹೊಲದಲ್ಲಿ ಹುಳು ಕಂಡರೆ ರೈತ ಔಷಧ ಸಿಂಪಡಿಸುತ್ತಾನೆ. ಅದೇ ಹುಳುವನ್ನು ಹೆಕ್ಕಿ ತಂದು, ಹದವಾದ ಕೋಣೆಯಲ್ಲಿಟ್ಟು, ಹೊತ್ತು ಹೊತ್ತಿಗೆ ಆಹಾರ ಕೊಟ್ಟು, ಪತಂಗವಾಗುವವರೆಗೆ ಕಾದು, ಮೊಟ್ಟೆ ಇಡಿಸಿ, ಮುಂದಿನ ಪೀಳಿಗೆಯನ್ನೂ ಜೋಪಾನ ಮಾಡುವ ಕೆಲಸವೊಂದು ರಾಜ್ಯದಲ್ಲಿ ದಶಕಗಳಿಂದ ಸದ್ದಿಲ್ಲದೆ ನಡೆದಿದೆ. ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದರ ಮುಖ್ಯ ಕೇಂದ್ರ. ಕೃಷಿ ವಿಶ್ವವಿದ್ಯಾಲಯಗಳ ಕೀಟಶಾಸ್ತ್ರ ವಿಭಾಗಗಳಲ್ಲಿ, ತೋಟಗಾರಿಕೆ ಇಲಾಖೆಯ ಪರತಂತ್ರ ಜೀವಿ ಪ್ರಯೋಗಾಲಯಗಳಲ್ಲಿಯೂ ಇದೇ ಕೆಲಸ ಬೇರೆ ಬೇರೆ ಪ್ರಮಾಣದಲ್ಲಿ ಸಾಗಿದೆ.

ರಾಸಾಯನಿಕ ಕೀಟನಾಶಕಗಳ ಬಳಕೆ ತಗ್ಗಬೇಕು, ಸಾವಯವ ಮತ್ತು ನೈಸರ್ಗಿಕ ಕೃಷಿ ಹೆಚ್ಚಬೇಕು ಎಂಬ ಮಾತು ಇಂದು ಎಲ್ಲ ಸರ್ಕಾರಗಳ ಬಾಯಲ್ಲಿದೆ. ಆ ಮಾತಿನೊಂದಿಗೆ ‘ರೈತಮಿತ್ರ ಕೀಟ’ಗಳ ಹೆಸರೂ ಬರುತ್ತದೆ. ಮಿತ್ರ ಕೀಟಗಳು ತಾವಾಗಿಯೇ ಹುಟ್ಟಿ ಬರುವುದಿಲ್ಲ. ಶತ್ರು ಕೀಟದ ಮೊಟ್ಟೆಯಲ್ಲಿ, ಮರಿಹುಳುವಿನಲ್ಲಿ ಅಥವಾ ಕೋಶದಲ್ಲಿ ಮಾತ್ರ ಬೆಳೆಯಬಲ್ಲ ಜೀವಿಗಳಿವು. ಶತ್ರುವನ್ನು ಸಾಕದೆ ಮಿತ್ರನನ್ನು ಪಡೆಯುವುದು ಅಸಾಧ್ಯ. ಜೈವಿಕ ನಿಯಂತ್ರಣದ ಯಶಸ್ಸು, ವೈಫಲ್ಯಗಳೆರಡೂ ಬಹುಪಾಲು ನಿರ್ಧಾರವಾಗುವುದು ಈ ಸಾಕಣೆ ಕೋಣೆಗಳಲ್ಲಿ. ಯೋಜನೆಗಳ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಗಮನ ಸಿಗುವ ಕೊಂಡಿಯೂ ಇದೇ.

ಶಿವಮೊಗ್ಗ ಕಲಿಸಿದ ಪಾಠ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು ಮುಸುಕಿನ ಜೋಳದ ಸುಳಿಯಲ್ಲಿ ಅಪರಿಚಿತ ಹುಳುವೊಂದನ್ನು ಗಮನಿಸಿದರು. ಎಲೆಗಳಲ್ಲಿ ಹರಿದ ತೂತುಗಳು, ಸುಳಿಯ ತುಂಬ ಲದ್ದಿ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳು. ಅಮೆರಿಕ ಖಂಡದ ಮೂಲದ, 2016ರಲ್ಲಿ ಆಫ್ರಿಕಾವನ್ನು ಪ್ರವೇಶಿಸಿ ಅಲ್ಲಿನ ಜೋಳದ ಬೆಳೆಯನ್ನು ಕಂಗೆಡಿಸಿದ್ದ ಫಾಲ್ ಸೈನಿಕ ಹುಳುವಿನ ಲಕ್ಷಣಗಳಿವು. ಏಷ್ಯಾದಲ್ಲಿ ಅದು ಅಲ್ಲಿಯವರೆಗೆ ದಾಖಲಾಗಿರಲಿಲ್ಲ.

ಮರಿಹುಳುವಿನ ಮೇಲಿನ ಗುರುತು ನೋಡಿ ಇಂಥ ಘೋಷಣೆ ಮಾಡುವಂತಿಲ್ಲ. ಅದೇ ಕುಲಕ್ಕೆ ಸೇರಿದ ತಂಬಾಕಿನ ಎಲೆ ತಿನ್ನುವ ಹುಳು ನಮ್ಮಲ್ಲಿ ಮೊದಲಿನಿಂದಲೂ ಇದೆ. ಮುಸುಕಿನ ಜೋಳವನ್ನು ಮೇಯುವ ಬೇರೆ ಹುಳುಗಳೂ ಇವೆ. ಆದುದರಿಂದ ಹೊಲದಿಂದ ತಂದ ಹುಳುಗಳನ್ನು ಪ್ರಯೋಗಾಲಯದಲ್ಲಿ ಸಾಕಿ, ಪತಂಗ ಹೊರಬಂದ ಮೇಲೆ ಗಂಡು ಪತಂಗದ ಜನನಾಂಗದ ರಚನೆಯನ್ನು ಪರಿಶೀಲಿಸಿ, ವಂಶವಾಹಿ ಪರೀಕ್ಷೆಯ ಮೂಲಕ ಖಚಿತಪಡಿಸಿಕೊಳ್ಳಲಾಯಿತು. ದೇಶಕ್ಕೆ ಹೊಸ ಪಿಡುಗು ಬಂದಿದೆ ಎಂಬ ಮೊದಲ ಎಚ್ಚರಿಕೆ ಹೀಗೆ ಸಾಕಣೆಯ ಕೋಣೆಯಿಂದಲೇ ಹೊರಬಿತ್ತು.

ಅದೇ ವರ್ಷ ಬೆಂಗಳೂರಿನ ಬ್ಯೂರೊದ ವಿಜ್ಞಾನಿಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲಗಳಿಂದ ಈ ಹುಳುವಿನ ಮೊಟ್ಟೆ ಮತ್ತು ಮರಿಗಳನ್ನು ಸಂಗ್ರಹಿಸಿ ತಂದರು. ಅವುಗಳಲ್ಲಿ ಕೆಲವು ಪತಂಗವಾಗಲಿಲ್ಲ. ಮೊಟ್ಟೆಗಳಿಂದ ಟೆಲಿನೋಮಸ್ ಮತ್ತು ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜಗಳು ಹೊರಬಂದವು. ಮರಿಹುಳುಗಳಿಂದ ಬೇರೆ ಜಾತಿಯ ಕಣಜಗಳು ಬಂದವು. ಮೆಟರೈಜಿಯಂ ರಿಲಿಯಿ ಎಂಬ ಶಿಲೀಂಧ್ರ ತಗುಲಿ ಬಿಳಿಚಿ ಸೆಟೆದುಕೊಂಡ ಹುಳುಗಳು ರಾಜ್ಯದ ಜೋಳದ ಹೊಲಗಳಲ್ಲಿ ಸಿಕ್ಕವು. ಪರದೇಶದಿಂದ ಬಂದ ಹುಳುವಿಗೆ ಇಲ್ಲಿನ ಕೆಲವು ಶತ್ರುಗಳು ಆಗಲೇ ಗಂಟು ಬಿದ್ದಿದ್ದವು. ಆದರೆ ಈ ಸಂಗತಿಯನ್ನು ಹೊಲದಲ್ಲಿ ನಿಂತು ನೋಡಿದವರು ತಿಳಿಯಲಾರರು. ಹುಳುವನ್ನು ತಂದು ಸಾಕಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಸಂಗ್ರಹವೆಂದರೆ ಹಿಡಿದು ತರುವುದಲ್ಲ

ಕೀಟ ಸಂಗ್ರಹವೆಂದರೆ ಬಲೆ ಬೀಸಿ ಚಿಟ್ಟೆ ಹಿಡಿಯುವುದು ಎಂಬ ಕಲ್ಪನೆ ಸಾಮಾನ್ಯ. ಜೈವಿಕ ನಿಯಂತ್ರಣಕ್ಕಾಗಿ ನಡೆಯುವ ಸಂಗ್ರಹದ ರೀತಿ ಬೇರೆ. ಇಲ್ಲಿ ಕೀಟ ಜೀವಂತವಾಗಿರಬೇಕು, ಅದು ತಿನ್ನುತ್ತಿದ್ದ ಎಲೆಯೂ ಜೊತೆಗಿರಬೇಕು. ಔಷಧ ಸಿಂಪಡಿಸಿದ ಹೊಲದ ಹುಳು ಉಪಯೋಗಕ್ಕೆ ಬರುವುದಿಲ್ಲ. ಊರು, ದಿನಾಂಕ, ಬೆಳೆಯ ವಯಸ್ಸು, ಹುಳುವಿನ ಹಂತ ಎಲ್ಲವನ್ನೂ ಚೀಟಿಯಲ್ಲಿ ಬರೆದಿಡಬೇಕು. ಮೊಟ್ಟೆಗುಚ್ಛ ಸಿಕ್ಕರೆ ಎಲೆಯ ತುಂಡಿನ ಸಮೇತ ಕತ್ತರಿಸಿ ಕೊಳವೆಗೆ ಹಾಕಬೇಕು. ಬಿಸಿಲಲ್ಲಿ ನಿಂತ ವಾಹನದೊಳಗೆ ಅರ್ಧ ಗಂಟೆ ಬಿಟ್ಟರೆ ಇಡೀ ದಿನದ ದುಡಿಮೆ ವ್ಯರ್ಥ.

ಹೀಗೆ ತಂದ ಹುಳುಗಳನ್ನು ಒಂದೊಂದಾಗಿ ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತಾರೆ. ಫಾಲ್ ಸೈನಿಕ ಹುಳು, ಕಡಲೆ ಮತ್ತು ತೊಗರಿಯ ಕಾಯಿಕೊರಕ ಹುಳು ಇವೆರಡೂ ಸ್ವಜಾತಿ ಭಕ್ಷಕಗಳು. ಒಟ್ಟಿಗಿಟ್ಟರೆ ದೊಡ್ಡದು ಸಣ್ಣದನ್ನು ತಿಂದುಬಿಡುತ್ತದೆ. ನಂತರದ್ದು ಕಾಯುವ ಕೆಲಸ. ಪ್ರತಿ ಡಬ್ಬಿಯಿಂದ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಆರೋಗ್ಯವಂತ ಪತಂಗ ಬಂದರೆ ಅದು ಸಾಕಣೆಯ ಸಂತತಿಗೆ ಸೇರುತ್ತದೆ. ಕಣಜವೋ ನೊಣವೋ ಹೊರಬಂದರೆ ಅದು ಪರತಂತ್ರ ಜೀವಿ. ಹುಳು ಕಪ್ಪಾಗಿ ಕರಗಿ ನೇತುಬಿದ್ದರೆ ಅಥವಾ ಬೂಷ್ಟು ಹಿಡಿದು ಗಟ್ಟಿಯಾದರೆ ಅದರೊಳಗೆ ನಂಜಾಣುವೋ ಶಿಲೀಂಧ್ರವೋ ಇರುವ ಸಾಧ್ಯತೆ ಹೆಚ್ಚು. ಮೊದಲ ಉತ್ತರಕ್ಕಿಂತ ಉಳಿದೆರಡು ಉತ್ತರಗಳಿಗೇ ಸಂಶೋಧಕರು ಹೆಚ್ಚು ಬೆಲೆ ಕೊಡುತ್ತಾರೆ.

ಕಲ್ಯಾಣ ಕರ್ನಾಟಕದ ತೊಗರಿ ಬೆಳೆಗಾರರಿಗೆ ಈ ಕೆಲಸ ತೀರ ಅಪರಿಚಿತವಲ್ಲ. ಕಾಯಿಕೊರಕದ ಹಾವಳಿ ವಿಪರೀತವಾದ ವರ್ಷಗಳಲ್ಲಿ ಗಿಡದ ಬುಡಕ್ಕೆ ಹಾಳೆ ಹಾಸಿ, ಗಿಡವನ್ನು ಅಲುಗಿಸಿ ಹುಳುಗಳನ್ನು ಉದುರಿಸುವ ಪದ್ಧತಿ ಆ ಭಾಗದಲ್ಲಿದೆ. ಹಾಗೆ ಉದುರಿಸಿದ ಹುಳುಗಳಿಂದಲೇ ಹಳ್ಳಿ ಮಟ್ಟದಲ್ಲಿ ನಂಜಾಣು ದ್ರಾವಣ ತಯಾರಿಸುವ ಪ್ರಯತ್ನಗಳೂ ನಡೆದವು. ಹೊಲದ ಹುಳುವಿನಲ್ಲಿ ಬೇರೆ ರೋಗಾಣುಗಳು ಮೊದಲೇ ಇರುವ ಸಂಭವವಿರುವುದರಿಂದ ದ್ರಾವಣದ ಗುಣಮಟ್ಟ ಒಂದೇ ಸಮ ಇರುವುದು ಕಷ್ಟ. ಶುದ್ಧವಾದ ಸಾಕಣೆಯ ಅಗತ್ಯ ಇಲ್ಲಿಂದಲೇ ಆರಂಭವಾಗುತ್ತದೆ.

ಒಂದು ಕಾರ್ಡಿನ ಹಿಂದೆ ನೂರು ಪತಂಗ

ಜೈವಿಕ ನಿಯಂತ್ರಣದ ಉತ್ಪನ್ನಗಳಲ್ಲಿ ರೈತರಿಗೆ ಹೆಚ್ಚು ಪರಿಚಿತವಾದದ್ದು ಟ್ರೈಕೋಕಾರ್ಡ್. ಅಂಗೈಯಗಲದ ರಟ್ಟಿನ ತುಂಡಿನ ಮೇಲೆ ಕಪ್ಪು ಸಾಸಿವೆಯ ಪುಡಿಯಂತೆ ಅಂಟಿರುವ ಮೊಟ್ಟೆಗಳು. ಪ್ರತಿ ಮೊಟ್ಟೆಯೊಳಗೂ ಒಂದು ಮಿಲಿಮೀಟರ್‌ಗಿಂತ ಚಿಕ್ಕದಾದ ಟ್ರೈಕೋಗ್ರಾಮ ಕಣಜ ಬೆಳೆಯುತ್ತಿರುತ್ತದೆ. ಕಾರ್ಡನ್ನು ತುಂಡು ಮಾಡಿ ಕಬ್ಬು, ಜೋಳ, ಟೊಮೆಟೊ ಹೊಲದಲ್ಲಿ ಎಲೆಯ ಅಡಿಗೆ ಸಿಕ್ಕಿಸಿದರೆ ಕಣಜಗಳು ಹೊರಬಂದು ಪೀಡೆಯ ಮೊಟ್ಟೆಗಳನ್ನು ಹುಡುಕಿ ಅವುಗಳೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಕೊರಕ ಹುಳು ಹುಟ್ಟುವ ಮೊದಲೇ ನಾಶವಾಗುತ್ತದೆ.

ಕಾರ್ಡಿನ ಮೇಲಿರುವ ಮೊಟ್ಟೆ ಕಬ್ಬಿನ ಕೊರಕದ್ದಲ್ಲ, ಟೊಮೆಟೊ ಹುಳುವಿನದ್ದೂ ಅಲ್ಲ. ಅದು ಅಕ್ಕಿ ಪತಂಗದ್ದು. ಗೋದಾಮಿನ ಅಕ್ಕಿ, ಜೋಳ, ರವೆಗಳಲ್ಲಿ ಬಲೆ ಕಟ್ಟಿ ಕಾಳು ಕೆಡಿಸುವ ಈ ಕೀಟವೂ ಒಂದು ಪೀಡೆಯೇ. ಅಗ್ಗದ ಧಾನ್ಯದಲ್ಲಿ ಬೇಗ ಬೆಳೆಯುತ್ತದೆ, ಟ್ರೈಕೋಗ್ರಾಮ ಅದರ ಮೊಟ್ಟೆಯನ್ನು ಒಪ್ಪಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅದು ಬದಲಿ ಆಶ್ರಯದಾತವಾಗಿದೆ.

ಇದರ ಸಾಕಣೆ ಹೀಗೆ. ಸಜ್ಜೆ ಅಥವಾ ಜೋಳವನ್ನು ನುಚ್ಚಾಗಿ ಒಡೆದು, ಬಿಸಿ ಮಾಡಿ ಇತರ ಹುಳು ನುಸಿಗಳನ್ನು ಕೊಂದು, ಸುಮಾರು ಎರಡೂವರೆ ಕಿಲೋ ನುಚ್ಚನ್ನು ಒಂದು ಪೆಟ್ಟಿಗೆಗೆ ತುಂಬುತ್ತಾರೆ. ಶೇಂಗಾ ಪುಡಿ, ಯೀಸ್ಟ್ ಬೆರೆಸುತ್ತಾರೆ. ಅದರ ಮೇಲೆ ಅರ್ಧ ಸಿ.ಸಿ. ಮೊಟ್ಟೆ ಉದುರಿಸಿ ಬಟ್ಟೆಯಿಂದ ಮುಚ್ಚುತ್ತಾರೆ. ಸುಮಾರು 40 ದಿನಗಳ ನಂತರ ಪತಂಗಗಳು ಹೊರಬರತೊಡಗುತ್ತವೆ. ಅವುಗಳನ್ನು ದಿನವೂ ಹಿಡಿದು ಜಾಲರಿಯ ಪಂಜರಕ್ಕೆ ಬಿಟ್ಟು, ಜೇನು ಬೆರೆಸಿದ ನೀರು ಕೊಟ್ಟು, ಕೆಳಗುದುರಿದ ಮೊಟ್ಟೆಗಳನ್ನು ಸೋಸಿ ಶುದ್ಧಗೊಳಿಸುತ್ತಾರೆ. ಮುಂದೆ ಮೊಟ್ಟೆಗಳನ್ನು ಸುಮಾರು 45 ನಿಮಿಷ ಅತಿನೇರಳೆ ಕಿರಣಕ್ಕೆ ಒಡ್ಡುತ್ತಾರೆ. ಭ್ರೂಣ ಸಾಯುತ್ತದೆ, ಮೊಟ್ಟೆಯ ಒಳಗಿನ ಆಹಾರ ಕಣಜಕ್ಕೆ ಉಳಿಯುತ್ತದೆ. ಹಾಗೆ ಮಾಡದಿದ್ದರೆ ಕಣಜ ಮುಟ್ಟದ ಮೊಟ್ಟೆಗಳಿಂದ ಮರಿ ಹುಟ್ಟಿ, ಕಣಜವಿರುವ ಮೊಟ್ಟೆಗಳನ್ನೇ ತಿಂದುಹಾಕುತ್ತದೆ.

ಒಂದು ಸಿ.ಸಿ. ಅಳತೆಯಲ್ಲಿ ಸುಮಾರು 18 ರಿಂದ 20 ಸಾವಿರ ಮೊಟ್ಟೆಗಳಿರುತ್ತವೆ. ಒಂದು ಕಾರ್ಡಿಗೆ ಬೇಕಾಗುವುದು ಅಷ್ಟು. ಒಂದು ಹೆಣ್ಣು ಪತಂಗ 200 ಮೊಟ್ಟೆ ಇಡುತ್ತದೆ ಎಂದಿಟ್ಟುಕೊಂಡರೂ ಒಂದು ಕಾರ್ಡಿನ ಹಿಂದೆ ನೂರರಷ್ಟು ಹೆಣ್ಣು ಪತಂಗಗಳಿರಬೇಕು. ಹೆಕ್ಟೇರಿಗೆ ಒಂದು ಬಾರಿಗೆ 50 ಸಾವಿರ ಕಣಜಗಳನ್ನು ಬಿಡಬೇಕೆಂಬುದು ಹಲವು ಬೆಳೆಗಳಿಗಿರುವ ಶಿಫಾರಸು. ಅದೂ ಒಂದು ಬಾರಿ ಬಿಟ್ಟರೆ ಸಾಲದು, ವಾರ ಹತ್ತು ದಿನಗಳಿಗೊಮ್ಮೆ ಮತ್ತೆ ಮತ್ತೆ ಬಿಡಬೇಕು. ಒಂದು ತಾಲೂಕಿನ ಕಬ್ಬಿನ ಬೆಳೆಗಷ್ಟೇ ಲೆಕ್ಕ ಹಾಕಿದರೂ ಎಷ್ಟು ಪೆಟ್ಟಿಗೆ, ಎಷ್ಟು ಕೈಗಳು ಬೇಕೆಂಬುದು ಊಹೆಗೆ ಸಿಗುತ್ತದೆ.

ಈ ಕೈಗಳ ಕಷ್ಟ ಬೇರೆಯೇ. ಪತಂಗದ ರೆಕ್ಕೆಯಿಂದ ಉದುರುವ ಹುಡಿ ಗಾಳಿಯಲ್ಲಿ ತೇಲಿ ಉಸಿರಿನೊಂದಿಗೆ ಒಳಸೇರುತ್ತದೆ. ಸೀನು, ಕೆಮ್ಮು, ಉಬ್ಬಸ ಈ ಕೋಣೆಗಳಲ್ಲಿ ದುಡಿಯುವವರಿಗೆ ಗೊತ್ತಿರುವ ತೊಂದರೆಗಳು. ಮುಖಗವಸು, ಗಾಳಿ ಹೊರಹಾಕುವ ವ್ಯವಸ್ಥೆ, ಪತಂಗ ಹೀರುವ ಯಂತ್ರ ಇಲ್ಲದ ಕಡೆ ಈ ಕೆಲಸದಲ್ಲಿ ಹೆಚ್ಚು ಕಾಲ ನಿಲ್ಲುವುದು ಕಷ್ಟ.

ನಂಜಾಣುವಿಗೂ ಹುಳುವೇ ಕಾರ್ಖಾನೆ

ಕಡಲೆ, ತೊಗರಿ, ಹತ್ತಿ, ಟೊಮೆಟೊಗಳನ್ನು ಕಾಡುವ ಕಾಯಿಕೊರಕ ಹುಳುವಿಗೆ ಎನ್.ಪಿ.ವಿ. ಎಂಬ ನಂಜಾಣು ಪರಿಣಾಮಕಾರಿ ಔಷಧ. ಮನುಷ್ಯರಿಗೆ, ಜಾನುವಾರುಗಳಿಗೆ, ಜೇನುನೊಣಕ್ಕೆ ಅದರಿಂದ ಅಪಾಯವಿಲ್ಲ. ಆದರೆ ನಂಜಾಣು ಜೀವಂತ ಜೀವಕೋಶದಲ್ಲಿ ಮಾತ್ರ ವೃದ್ಧಿಯಾಗುತ್ತದೆ. ಅದನ್ನು ಬೆಳೆಸಲು ಕಾಯಿಕೊರಕ ಹುಳುವನ್ನೇ ಸಾಕಬೇಕು.

ವರ್ಷವಿಡೀ ಕಡಲೆ ಗಿಡ ಸಿಗುವುದಿಲ್ಲವಾದ್ದರಿಂದ ಕಾಬೂಲಿ ಕಡಲೆ ಹಿಟ್ಟು, ಅಗರ್, ಯೀಸ್ಟ್, ಜೀವಸತ್ವಗಳು, ಬೂಷ್ಟು ತಡೆಯುವ ರಾಸಾಯನಿಕಗಳನ್ನು ಬೆರೆಸಿ ಕುದಿಸಿ ಕೃತಕ ಆಹಾರ ಸಿದ್ಧಪಡಿಸುತ್ತಾರೆ. ಗೂಡುಗೂಡಾಗಿರುವ ತಟ್ಟೆಗಳಲ್ಲಿ ಒಂದು ಗೂಡಿಗೆ ಒಂದೇ ಹುಳು. ಹುಳು ಬಲಿತ ಹಂತಕ್ಕೆ ಬಂದಾಗ ಆಹಾರದ ಮೇಲೆ ನಂಜಾಣು ಲೇಪಿಸಿ ಕೊಡುತ್ತಾರೆ. ಸುಮಾರು ಒಂದು ವಾರದಲ್ಲಿ ಸತ್ತ ಹುಳುಗಳನ್ನು ಅರೆದು, ಸೋಸಿ ದ್ರಾವಣ ತೆಗೆಯುತ್ತಾರೆ. ಕಡಲೆಗೆ ಹೆಕ್ಟೇರಿಗೆ 250 ‘ಎಲ್.ಇ.’ ಎಂಬುದು ಶಿಫಾರಸು. ಎಲ್.ಇ. ಎಂದರೆ ಒಂದು ಹುಳುವಿನಿಂದ ದೊರೆಯುವ ನಂಜಾಣು ಕಾಯಗಳ ಸಮಾನ ಪ್ರಮಾಣ. ಅದು ಸುಮಾರು 600 ಕೋಟಿ ಕಾಯಗಳೆಂದು ನಿಗದಿಯಾಗಿದೆ. ಸರಳವಾಗಿ ಹೇಳುವುದಾದರೆ ಒಂದು ಹೆಕ್ಟೇರ್ ಕಡಲೆಯ ಒಂದು ಸಿಂಪರಣೆಗೆ 250 ಹುಳುಗಳನ್ನು ಒಂದೊಂದಾಗಿ ಸಾಕಿರಬೇಕು.

ನಂಜಾಣು ಬೆಳೆಸುವ ಕೋಣೆ, ಆರೋಗ್ಯವಂತ ಹುಳು ಸಾಕುವ ಕೋಣೆ ಒಂದೇ ಕಟ್ಟಡದಲ್ಲಿದ್ದರೆ ಅಪಾಯ. ಒಬ್ಬರ ಕೈ, ಒಂದು ಬಟ್ಟೆ, ಒಂದು ತಟ್ಟೆಯ ಮೂಲಕ ಸೋಂಕು ದಾಟಿದರೆ ಇಡೀ ಸಂತತಿ ದಿನಗಳಲ್ಲಿ ನಾಶವಾಗುತ್ತದೆ. ಅಕ್ಕಿ ಪತಂಗದ ಕೋಣೆಗೆ ಬ್ರೆಕಾನ್ ಎಂಬ ಕಣಜ ನುಸುಳಿದರೂ ಅದೇ ಗತಿ. ತೆಂಗಿನ ಕಪ್ಪುತಲೆ ಹುಳುವಿನ ವಿರುದ್ಧ ಇದೇ ಬ್ರೆಕಾನ್ ಕಣಜವನ್ನು ಉದ್ದೇಶಪೂರ್ವಕವಾಗಿ ಸಾಕಿ ಬಿಡುತ್ತಾರೆ. ಒಂದು ಕೋಣೆಯಲ್ಲಿ ಬೇಕಾದ ಜೀವಿ ಪಕ್ಕದ ಕೋಣೆಯಲ್ಲಿ ಶತ್ರುವಾಗಿರುತ್ತದೆ.

ರೇಷ್ಮೆ ನಾಡಿಗೆ ಹೊಸದೇನಲ್ಲ

ಹುಳು ಸಾಕಣೆ ಕನ್ನಡ ನಾಡಿನ ಜೀವನಕ್ಕೆ ಹೊಸ ಸಂಗತಿಯಲ್ಲ. ಹಳೆ ಮೈಸೂರು ಭಾಗದ ಸಾವಿರಾರು ಮನೆಗಳಲ್ಲಿ ರೇಷ್ಮೆ ಹುಳುವಿನ ಜ್ವರ, ಹಸಿವು, ನಿದ್ದೆಗಳನ್ನು ಮಕ್ಕಳದ್ದರಂತೆಯೇ ನೋಡಿಕೊಳ್ಳುವ ಪರಿಪಾಠವಿದೆ. ಪಶ್ಚಿಮ ಬಂಗಾಳದಿಂದ 1980ರಲ್ಲಿ ಉಜಿ ನೊಣ ರಾಜ್ಯಕ್ಕೆ ಬಂದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡತೊಡಗಿದಾಗ ಔಷಧ ಸಿಂಪಡಿಸುವುದು ಅಸಾಧ್ಯವಾಗಿತ್ತು. ನೊಣ ಸಾಯಿಸುವ ಔಷಧ ರೇಷ್ಮೆ ಹುಳುವನ್ನೂ ಸಾಯಿಸುತ್ತದೆ. ನೊಣದ ಕೋಶದಲ್ಲಿ ಬೆಳೆಯುವ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಸಾಕಿ ಹುಳುಮನೆಗಳಲ್ಲಿ ಬಿಡುವ ಪದ್ಧತಿ ಬಂದದ್ದು ಆಗ. ಆ ಕಣಜವನ್ನು ಹೆಚ್ಚಿಸಲು ಮನೆನೊಣವನ್ನು ಸಾಕಿ ಅದರ ಕೋಶಗಳನ್ನು ಬಳಸಲಾಯಿತು.

ಇಂಥದೇ ಇಕ್ಕಟ್ಟು ಮತ್ತೊಮ್ಮೆ ಎದುರಾದದ್ದು ಪಪ್ಪಾಯ ಹಿಟ್ಟು ತಿಗಣೆಯಿಂದ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಈ ತಿಗಣೆ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳಿಗೆ ಹರಡಿ ಪಪ್ಪಾಯ, ಹಿಪ್ಪುನೇರಳೆ, ಮರಗೆಣಸುಗಳನ್ನು ಬಿಳಿಯ ಹತ್ತಿಯಂತೆ ಮುಚ್ಚಿತು. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಸಿಂಪಡಿಸಿದ ಔಷಧ ಅದರ ಮೈಗೆ ತಾಗುವುದೇ ಕಷ್ಟ. ಹಿಪ್ಪುನೇರಳೆಗೆ ಔಷಧ ಹೊಡೆದರೆ ರೇಷ್ಮೆ ಹುಳುವಿಗೆ ಅಪಾಯ. 2010ರ ಜುಲೈನಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳು ಬೆಂಗಳೂರಿಗೆ ಬಂದವು. ಕ್ವಾರಂಟೈನ್‌ನಲ್ಲಿ ಪರೀಕ್ಷೆಗಳು ಮುಗಿದು, ಅದೇ ವರ್ಷದ ಅಕ್ಟೋಬರ್‌ನಿಂದ ಅವುಗಳನ್ನು ಹೊಲಗಳಿಗೆ ಬಿಡುವ ಕೆಲಸ ಆರಂಭವಾಯಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ ಕಣಜ ಚೆನ್ನಾಗಿ ನೆಲೆಯೂರಿತು. ಹಿಟ್ಟು ತಿಗಣೆಯ ಹಾವಳಿ ಕೆಲವೇ ತಿಂಗಳುಗಳಲ್ಲಿ ಇಳಿಯಿತು. ದೇಶದ ಜೈವಿಕ ನಿಯಂತ್ರಣದ ಇತಿಹಾಸದ ದೊಡ್ಡ ಯಶಸ್ಸುಗಳಲ್ಲಿ ಇದೂ ಒಂದು.

ವಿಮಾನದಲ್ಲಿ ಬಂದದ್ದು ಬೆರಳೆಣಿಕೆಯ ಪೊಟ್ಟಣಗಳಷ್ಟು ಕಣಜ. ಅದನ್ನು ಹಲವು ರಾಜ್ಯಗಳಿಗೆ ಹಂಚುವಷ್ಟಾಗಿಸಿದ್ದು ಮೊಳಕೆ ಬಂದ ಆಲೂಗಡ್ಡೆಗಳ ಮೇಲೆ ಸಾಕಿದ ಹಿಟ್ಟು ತಿಗಣೆ. ಕಣಜ ಬರುವ ದಿನ ತಿಗಣೆಯ ಸಂತತಿ ಸಿದ್ಧವಿಲ್ಲದಿದ್ದರೆ, ಕೆಲವೇ ದಿನ ಬದುಕುವ ಕಣಜ ಮೊಟ್ಟೆ ಇಡಲು ಜಾಗವಿಲ್ಲದೆ ಸಾಯುತ್ತಿತ್ತು. 2020ರಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಪತ್ತೆಯಾದಾಗಲೂ ಇದೇ ಕ್ರಮ ನಡೆಯಿತು. ಆಫ್ರಿಕಾದಲ್ಲಿ ಆ ತಿಗಣೆಯನ್ನು ಹತೋಟಿಗೆ ತಂದಿದ್ದ ಅನಗೈರಸ್ ಲೋಪೆಜಿ ಕಣಜವನ್ನು ಬೆನಿನ್ ದೇಶದಿಂದ 2021ರಲ್ಲಿ ತರಿಸಿ, ಬೆಂಗಳೂರಿನಲ್ಲಿ ಪರೀಕ್ಷಿಸಿ, ವೃದ್ಧಿಪಡಿಸಿ, 2022ರಲ್ಲಿ ತಮಿಳುನಾಡಿನ ಮರಗೆಣಸು ಹೊಲಗಳಲ್ಲಿ ಬಿಡಲಾಯಿತು.

ಅಪಾಯದ ಅರಿವೂ ಬೇಕು

ಪೀಡೆಯನ್ನು ಬೇಕೆಂದೇ ಸಾಕುವ ಕೆಲಸದಲ್ಲಿ ಅಪಾಯವಿಲ್ಲವೆಂದು ಹೇಳಲಾಗದು. ಹೊಸ ಪ್ರದೇಶಕ್ಕೆ ಹುಳು ಸಾಗಿಸುವಾಗ ತಪ್ಪಿಸಿಕೊಂಡರೆ ಸಂಶೋಧನೆಯೇ ಪಿಡುಗಿನ ದಾರಿಯಾದೀತು. ಎರಡು ಬಾಗಿಲುಗಳ ಕೋಣೆ, ಸೂಕ್ಷ್ಮ ಜಾಲರಿ, ಬಳಸಿದ ಆಹಾರ ಮತ್ತು ಸತ್ತ ಹುಳುಗಳನ್ನು ಸುಡುವ ಅಥವಾ ಕುದಿಸುವ ನಿಯಮಗಳು ಇರುವುದು ಇದಕ್ಕಾಗಿಯೇ. ವಿದೇಶಿ ಜೀವಿಗಳ ಆಮದಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶದಡಿ ಅನುಮತಿ ಕಡ್ಡಾಯ. ದೇಶದ ಕೀಟಗಳನ್ನು ಹೊರಗೆ ಕೊಂಡೊಯ್ಯಲು 2002ರ ಜೀವವೈವಿಧ್ಯ ಕಾಯ್ದೆಯ ನಿರ್ಬಂಧಗಳಿವೆ.

ಬೆಂಗಳೂರಿನದೇ ಒಂದು ಹಳೆಯ ಪ್ರಸಂಗ ಇಲ್ಲಿ ಉಲ್ಲೇಖಾರ್ಹ. ಪಾರ್ಥೇನಿಯಂ ಕಳೆಯನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನು 1983ರಲ್ಲಿ ತರಿಸಿ, ಪರೀಕ್ಷೆಗಳ ನಂತರ 1984ರಲ್ಲಿ ಬಿಡಲಾಯಿತು. ಕೆಲವು ವರ್ಷಗಳಲ್ಲಿ ಅದು ಸೂರ್ಯಕಾಂತಿಯ ಎಲೆಗಳನ್ನೂ ತಿನ್ನುತ್ತಿದೆ ಎಂಬ ದೂರುಗಳು ಬಂದು ವಿವಾದವೆದ್ದಿತು, ತಜ್ಞರ ಪರಿಶೀಲನೆಗಳು ನಡೆದವು. ಪಾರ್ಥೇನಿಯಂ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಾಗ ದುಂಬಿ ಅದನ್ನು ತಿನ್ನಲು ತೊಡಗುತ್ತದೆ ಎಂಬುದು ನಂತರದ ಅಧ್ಯಯನಗಳಿಂದ ಗೊತ್ತಾಯಿತು. ಸೂರ್ಯಕಾಂತಿಯ ಬೆಳೆಗೆ ಅದು ಪೀಡೆಯಾಗಿ ನೆಲೆಯೂರಲಿಲ್ಲ. ಆದರೂ ಪ್ರಯೋಗಾಲಯದ ಪಂಜರದಲ್ಲಿ ಕಾಣದ ಸಂಗತಿ ಬಯಲಿನಲ್ಲಿ ಕಾಣಬಹುದು ಎಂಬ ಎಚ್ಚರ ಆ ಪ್ರಸಂಗದಿಂದ ಉಳಿದಿದೆ.

ಸಂತತಿ ಸೊರಗಿದರೆ ಕಾರ್ಡೂ ಬರಿದು

ಹೊರಗೆ ಹೆಚ್ಚು ಚರ್ಚೆಯಾಗದ ಇನ್ನೊಂದು ತೊಂದರೆ ಸಾಕಣೆಯ ಸಂತತಿ ಕ್ರಮೇಣ ಸೊರಗುವುದು. ಹತ್ತಿಪ್ಪತ್ತು ಹುಳುಗಳಿಂದ ಆರಂಭವಾದ ಸಂತತಿ ತಲೆಮಾರುಗಳ ಕಾಲ ತನ್ನೊಳಗೇ ಕೂಡುತ್ತ ಹೋದರೆ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ, ರೋಗಗಳು ಒಳಗೊಳಗೇ ಬೇರೂರುತ್ತವೆ. ಕೋಣೆಯ ಸಮಶೀತೋಷ್ಣಕ್ಕೆ ಒಗ್ಗಿದ ಕಣಜಕ್ಕೆ ಹೊಲದ ಬಿಸಿಲು, ಗಾಳಿ ತಡೆಯುವುದಿಲ್ಲ. ಸದಾ ಕಾರ್ಡಿನ ಮೇಲೆ ಸಿದ್ಧವಾಗಿ ಸಿಗುವ ಮೊಟ್ಟೆಗೆ ಒಗ್ಗಿದ ಪೀಳಿಗೆ ಎಲೆಯಿಂದ ಎಲೆಗೆ ಹುಡುಕುವ ಚುರುಕನ್ನು ಕಳೆದುಕೊಳ್ಳಬಹುದು. ಆದುದರಿಂದ ಆಗಾಗ ಹೊಲದಿಂದ ಹೊಸ ಕೀಟಗಳನ್ನು ತಂದು ಸಂತತಿಗೆ ಬೆರೆಸಬೇಕು. ಬೆರೆಸುವ ಮೊದಲು ಹೊಸದನ್ನು ಪ್ರತ್ಯೇಕವಾಗಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ತೆಂಗಿನ ಕಪ್ಪುತಲೆ ಹುಳುವಿನ ವಿರುದ್ಧ ಬಳಸುವ ಗೊನಿಯೋಜಸ್ ಕಣಜ ಇದಕ್ಕೆ ಉದಾಹರಣೆ. ಅದನ್ನು ಅಕ್ಕಿ ಪತಂಗದ ಮರಿಹುಳುಗಳ ಮೇಲೆ ಸಾಕುವುದು ಸುಲಭ. ಆದರೆ ಹಾಗೆ ಬೆಳೆದ ಕಣಜಕ್ಕೆ ತೆಂಗಿನ ಗರಿಯ ಹುಳುವಿನ ಪರಿಚಯ ಇರುವುದಿಲ್ಲ. ಬಿಡುವ ಮೊದಲು ಕಪ್ಪುತಲೆ ಹುಳುವಿನ ಗೂಡು, ಲದ್ದಿಗಳ ವಾಸನೆ ಹಿಡಿಸಿದರೆ ಅದು ಹುಳುವನ್ನು ಚೆನ್ನಾಗಿ ಹುಡುಕುತ್ತದೆ ಎಂಬುದು ಸಂಶೋಧಕರು ಕಂಡುಕೊಂಡ ಸಂಗತಿ. ಅಗ್ಗದ ಬದಲಿ ಕೀಟ ಇದ್ದರೂ ನಿಜವಾದ ಪೀಡೆಯ ಸಾಕಣೆ ತಪ್ಪುವುದಿಲ್ಲ.

ಫಾಲ್ ಸೈನಿಕ ಹುಳುವಿನ ವಿಷಯದಲ್ಲೂ ಇದೇ ಕಥೆ. ಅದರ ಮೊಟ್ಟೆಗುಚ್ಛದ ಮೇಲೆ ರೋಮದ ಹೊದಿಕೆ ಇರುತ್ತದೆ, ಮೊಟ್ಟೆಗಳು ಒಂದರ ಮೇಲೊಂದು ಪದರವಾಗಿರುತ್ತವೆ. ಒಳಪದರದ ಮೊಟ್ಟೆಯನ್ನು ತಲುಪುವುದರಲ್ಲಿ ಟ್ರೈಕೋಗ್ರಾಮಕ್ಕಿಂತ ಟೆಲಿನೋಮಸ್ ರೀಮಸ್ ಮೇಲು. ಆದರೆ ಟ್ರೈಕೋಗ್ರಾಮಕ್ಕೆ ಅಕ್ಕಿ ಪತಂಗ ಸಾಕು, ಟೆಲಿನೋಮಸ್‌ಗೆ ಸಾಮಾನ್ಯವಾಗಿ ಸೈನಿಕ ಹುಳುವಿನ ಕುಲದ ಮೊಟ್ಟೆಯೇ ಬೇಕು. ಅಂದರೆ ಸ್ವಜಾತಿಯನ್ನೇ ತಿನ್ನುವ ಹುಳುವನ್ನು ಒಂದೊಂದಾಗಿ ಸಾಕಬೇಕು. ವೆಚ್ಚ, ಶ್ರಮ ಎರಡೂ ಹಲವು ಪಟ್ಟು ಹೆಚ್ಚು. ಹೆಚ್ಚು ಕೆಲಸ ಮಾಡಬಲ್ಲ ಕಣಜ ರೈತನಿಗೆ ಸುಲಭವಾಗಿ ದಕ್ಕದಿರುವುದಕ್ಕೆ ಇದು ಮುಖ್ಯ ಕಾರಣ.

ಯಾರು ಹೊಣೆ?

ಭಾರತದಲ್ಲಿ ಜೈವಿಕ ನಿಯಂತ್ರಣದ ಸಾಂಸ್ಥಿಕ ಇತಿಹಾಸ ಬೆಂಗಳೂರಿಗೆ ಹೊಂದಿಕೊಂಡೇ ಬೆಳೆದಿದೆ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಇಲ್ಲಿ ಆರಂಭವಾಯಿತು. 1977ರಲ್ಲಿ ಅಖಿಲ ಭಾರತ ಸಮನ್ವಯ ಯೋಜನೆ ಬಂದಿತು. 1993ರಲ್ಲಿ ಜೈವಿಕ ನಿಯಂತ್ರಣದ ಯೋಜನಾ ನಿರ್ದೇಶನಾಲಯ, 2009ರಲ್ಲಿ ಅದಕ್ಕೆ ಬ್ಯೂರೊ ದರ್ಜೆ, 2014ರಲ್ಲಿ ಈಗಿನ ಹೆಸರು. ಜೀವಂತ ಕೀಟಗಳ ಭಂಡಾರವನ್ನು ಕಾಪಾಡಿಕೊಂಡು, ಸಂಶೋಧಕರಿಗೆ ಮತ್ತು ಉತ್ಪಾದಕರಿಗೆ ಮೂಲ ಸಂತತಿ ಒದಗಿಸುವ ಹೊಣೆ ಈ ಸಂಸ್ಥೆಯದ್ದು. ಬಿತ್ತನೆ ಬೀಜದಲ್ಲಿ ಮೂಲ ಬೀಜ ಇರುವಂತೆ ಇದೂ ಒಂದು ಬಗೆಯ ಮೂಲ ಬೀಜ.

ಆದರೆ ಬೀಜಕ್ಕಿರುವ ಪ್ರಮಾಣೀಕರಣದ ವ್ಯವಸ್ಥೆ ಇಲ್ಲಿ ಇಲ್ಲ. ನಂಜಾಣು, ಶಿಲೀಂಧ್ರ, ಬ್ಯಾಕ್ಟೀರಿಯಾ ಆಧಾರಿತ ಉತ್ಪನ್ನಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಕಣಜ, ದುಂಬಿಗಳಂಥ ಜೀವಂತ ಕೀಟಗಳಿಗೆ ಆ ನೋಂದಣಿ ಬೇಕಿಲ್ಲ. ಇದರಿಂದ ಸಣ್ಣ ಉತ್ಪಾದಕರಿಗೆ, ರೈತ ಗುಂಪುಗಳಿಗೆ ಅನುಕೂಲವಾಗಿರುವುದು ನಿಜ. ಆದರೆ ಕಾರ್ಡಿನ ಮೇಲಿನ ಮೊಟ್ಟೆಗಳಲ್ಲಿ ಎಷ್ಟರಿಂದ ಕಣಜ ಹೊರಬರುತ್ತದೆ, ಅವುಗಳಲ್ಲಿ ಹೆಣ್ಣುಗಳೆಷ್ಟು, ಸಂತತಿ ಎಷ್ಟನೇ ಪೀಳಿಗೆಯದು ಎಂಬುದನ್ನು ಖರೀದಿಸುವ ರೈತ ತಿಳಿಯುವ ದಾರಿಯೂ ಇಲ್ಲ. ಮೊಟ್ಟೆ ಇಡುವುದು ಹೆಣ್ಣು ಕಣಜ ಮಾತ್ರ. ಗಂಡುಗಳೇ ತುಂಬಿದ ಕಾರ್ಡಿಗೂ ಬೆಲೆ ಅಷ್ಟೇ.

ಟ್ರೈಕೋಗ್ರಾಮ ತಾನು ಸೇರಿದ ಮೊಟ್ಟೆ ನಾಲ್ಕನೆಯ ದಿನಕ್ಕೆ ಕಪ್ಪಾಗುತ್ತದೆ, ಎಂಟನೆಯ ದಿನದ ಹೊತ್ತಿಗೆ ಕಣಜ ಹೊರಬರುತ್ತದೆ. ತಂಪಿನಲ್ಲಿಟ್ಟು ಅದನ್ನು ಕೆಲವು ದಿನ ಮುಂದೂಡಬಹುದು, ತಿಂಗಳುಗಟ್ಟಲೆ ಅಲ್ಲ. ಟೆಂಡರ್ ಕರೆದು, ದರ ಒಪ್ಪಿ, ಜಿಲ್ಲೆಗೆ ತಲುಪಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ಹಂಚುವ ಮಾಮೂಲಿ ಕ್ರಮಕ್ಕೆ ಈ ಎಂಟು ದಿನಗಳು ಹೊಂದುವುದಿಲ್ಲ. ಪೀಡೆ ಹೊಲದಲ್ಲಿ ಮೊಟ್ಟೆ ಇಡುವ ದಿನ ಕಾರ್ಡು ಕೈಯಲ್ಲಿರಬೇಕಾದರೆ ಅದಕ್ಕೆ 40 ದಿನ ಮೊದಲೇ ಅಕ್ಕಿ ಪತಂಗದ ಪೆಟ್ಟಿಗೆ ತುಂಬಿರಬೇಕು. ಅನುದಾನ ಬಿಡುಗಡೆಯ ದಿನಾಂಕ ನೋಡಿ ಹುಳು ಬೆಳೆಯುವುದಿಲ್ಲ.

ಸಾಕಣೆ ಒಂದು ದಿನವೂ ನಿಲ್ಲುವಂತಿಲ್ಲ ಎಂಬುದು ಈ ಕೆಲಸದ ಇನ್ನೊಂದು ಕಟ್ಟುಪಾಡು. ಭಾನುವಾರವಾಗಲಿ ಹಬ್ಬವಾಗಲಿ ಹುಳುವಿಗೆ ಆಹಾರ ಬೇಕು, ಗೂಡು ಸ್ವಚ್ಛವಾಗಬೇಕು. ಬೇಸಿಗೆಯಲ್ಲಿ ದೀರ್ಘ ಹೊತ್ತು ವಿದ್ಯುತ್ ಹೋದರೆ ವರ್ಷಗಳ ಸಂತತಿ ಒಂದು ಮಧ್ಯಾಹ್ನದಲ್ಲಿ ಕೈತಪ್ಪಬಹುದು. ಮೂರು ವರ್ಷದ ಯೋಜನೆಯ ಹಣದಲ್ಲಿ ಕಟ್ಟಿದ ಸಂತತಿ ಯೋಜನೆ ಮುಗಿದೊಡನೆ ಅನಾಥವಾಗುತ್ತದೆ. ಹುಳುವಿನ ನಡೆ ನೋಡಿಯೇ ರೋಗ ಗುರುತಿಸಬಲ್ಲ ಅನುಭವಿ ಕೈ ಕೆಲಸ ಬಿಟ್ಟು ಹೋದರೆ ಆ ಜಾಗ ತುಂಬಲು ಹೊಸಬರಿಗೆ ಹಲವು ಹಂಗಾಮುಗಳೇ ಬೇಕು. ಪುಸ್ತಕದಿಂದ ಕಲಿಯಲಾಗದ ವಿದ್ಯೆಯಿದು.

ಪರಿಹಾರಗಳು ದುಬಾರಿಯೇನಲ್ಲ. ಮುಖ್ಯ ಪೀಡೆಗಳ ಮೂಲ ಸಂತತಿಯನ್ನು ಕನಿಷ್ಠ ಎರಡು ಪ್ರತ್ಯೇಕ ಊರುಗಳಲ್ಲಿ ಕಾಪಾಡಿದರೆ ಒಂದು ಕಡೆಯ ಅವಘಡ ಇನ್ನೊಂದನ್ನು ತಟ್ಟುವುದಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಉತ್ಪಾದನೆಯ ದಿನ, ಕಣಜ ಹೊರಬರುವ ದಿನ, ಜಾತಿಯ ಹೆಸರು, ಹೊರಬರುವ ಪ್ರಮಾಣಗಳನ್ನು ಅಚ್ಚು ಹಾಕುವ ನಿಯಮಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ. ಸರ್ಕಾರ ತಾನು ಖರೀದಿಸುವ ಕಾರ್ಡುಗಳಿಗೆ ಈ ಷರತ್ತು ಹಾಕಿದರೂ ಸಾಕು. ಸಾಕಣೆ ಸಿಬ್ಬಂದಿಯ ಉದ್ಯೋಗವನ್ನು ಯೋಜನೆಯ ಅವಧಿಗೆ ಕಟ್ಟದೆ, ಅವರ ಉಸಿರಾಟದ ರಕ್ಷಣೆಯನ್ನು ಕಡ್ಡಾಯಗೊಳಿಸಬೇಕು. ಖರೀದಿಯನ್ನು ಬಿತ್ತನೆಯ ಕಾಲಕ್ಕೆ ಮುಂಚಿತವಾಗಿ ಒಪ್ಪಂದದ ಮೂಲಕ ನಿಗದಿಪಡಿಸಿದರೆ ಉತ್ಪಾದಕನಿಗೆ ಪೆಟ್ಟಿಗೆ ತುಂಬಲು ಧೈರ್ಯ ಬರುತ್ತದೆ.

ಕೀಟನಾಶಕದ ಡಬ್ಬಿ ಎರಡು ವರ್ಷ ಅಂಗಡಿಯ ಕಪಾಟಿನಲ್ಲಿ ಕಾಯಬಲ್ಲದು. ಕಣಜ ಕಾಯುವುದಿಲ್ಲ, ಅದನ್ನು ಹೊತ್ತ ಮೊಟ್ಟೆಯೂ ಕಾಯುವುದಿಲ್ಲ. ಮುಂದಿನ ಪರದೇಶಿ ಹುಳು ಯಾವ ಜಿಲ್ಲೆಯಲ್ಲಿ, ಯಾವ ಬೆಳೆಯಲ್ಲಿ ಕಾಣಿಸಿಕೊಳ್ಳುವುದೋ ಯಾರೂ ಹೇಳಲಾರರು. ಆ ದಿನ ಅದನ್ನು ಹೆಕ್ಕಿ ತಂದು, ಹೆಸರು ಹೇಳಿ, ಸಾಕಿ, ಅದರ ಶತ್ರುವನ್ನು ಹುಡುಕಿ ಕೊಡುವ ಕೈಗಳು ಸಿದ್ಧವಿರಬೇಕಾದರೆ ಅವುಗಳಿಗೆ ಇಂದಿನಿಂದಲೇ ಕೆಲಸ ಇರಬೇಕು.